ಅವಸರ ಇಳಿಸುವ ಏರ್ಪಾಡು

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದ್ದರು. ಅದರ ವರದಿ ಬಂದದ್ದು 1973ರಲ್ಲಿ. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಪುಟ್ಟ ಭಾಷಣ ಮಾಡಬೇಕು ಎಂದು ಒಬ್ಬೊಬ್ಬರನ್ನೇ ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯ ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆ, ಅಂದರೆ ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನ ಕಥೆ. ಹೋಗುವ ಓಣಿಯಲ್ಲಿ ಒಬ್ಬಾತ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದು ಪ್ರಯೋಗದವರೇ. ‘ಇನ್ನೂ ಸಮಯ ಇದೆ, ಹೋಗಿ’ ಎಂದು ಹೇಳಿಸಿಕೊಂಡು ಹೊರಟವರಲ್ಲಿ ನೂರಕ್ಕೆ 63 ಮಂದಿ ನಿಂತು ವಿಚಾರಿಸಿದರು. ‘ಆಗಲೇ ತಡವಾಗಿದೆ, ಬೇಗ ಹೋಗಿ’ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ನೂರಕ್ಕೆ 10. ಭಾಷಣದ ವಿಷಯ ಏನಿತ್ತು ಎನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಸಮಾರ್ಯದವನ ಬಗ್ಗೆ ಮಾತಾಡಲು ಹೊರಟವರೇ ಬಿದ್ದವನನ್ನು ದಾಟಿಕೊಂಡು ಹೋದ ಉದಾಹರಣೆಗಳೂ ಇದ್ದವು.

ಆ ಹುಡುಗರು ಕೆಟ್ಟವರೇನಲ್ಲ. ಯಾರೋ ಆಡಿದ ಒಂದು ಮಾತಿನಿಂದ ಅವರ ಕಣ್ಣು ಕಿರಿದಾಯಿತು, ಅಷ್ಟೆ. ಅವಸರವನ್ನು ನಾವು ಸ್ವಭಾವ ಎಂದುಕೊಳ್ಳುತ್ತೇವೆ. ‘ನಾನು ಸ್ವಲ್ಪ ಟೆನ್ಷನ್ ಪಾರ್ಟಿ’ ಎಂದು ಹೇಳಿಕೊಂಡು ಸುಮ್ಮನಾಗುತ್ತೇವೆ. ನಿಜ ನೋಡಿದರೆ ಅದರಲ್ಲಿ ದೊಡ್ಡ ಪಾಲು ಹೊರಗಿನಿಂದ ಬಂದದ್ದು: ಗಡಿಯಾರ, ಕ್ಯಾಲೆಂಡರ್, ಫೋನು, ಊಟದ ಮೇಜಿನ ಮೇಲಿರುವ ವಸ್ತುಗಳು. ಆದ್ದರಿಂದ ‘ನಾಳೆಯಿಂದ ನಿಧಾನವಾಗಿ ಬದುಕುತ್ತೇನೆ’ ಎಂಬ ಸಂಕಲ್ಪದ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಅವಸರವನ್ನು ತಂದಿರುವ ಏರ್ಪಾಡನ್ನೇ ಅಲ್ಲಲ್ಲಿ ಬಿಚ್ಚಿ ಬೇರೆ ರೀತಿ ಕಟ್ಟಬೇಕು. ಇಡೀ ದಿನವನ್ನು ನಿಧಾನಗೊಳಿಸುವುದು ಕೆಲಸಕ್ಕೆ ಹೋಗುವವರಿಗೆ, ಮಕ್ಕಳನ್ನು ಶಾಲೆಗೆ ಕಳಿಸುವವರಿಗೆ ಆಗದ ಮಾತು. ದಿನದ ನಾಲ್ಕಾರು ಸಂದುಗಳಲ್ಲಿ ಮಾಡಬಹುದು.

ಮೊದಲು ‘ತಡವಾಯಿತು’ ಎಂಬ ಭಾವನೆಯನ್ನೇ ಹಿಡಿಯೋಣ. ಬೆಂಗಳೂರಿನಲ್ಲಿ ಫೋನಿನ ನಕ್ಷೆ 40 ನಿಮಿಷ ಎಂದರೆ ನಾವು 40 ನಿಮಿಷ ಮೊದಲು ಹೊರಡುತ್ತೇವೆ. ಸಿಲ್ಕ್ ಬೋರ್ಡ್ ಮುಟ್ಟುವ ಹೊತ್ತಿಗೆ ರಕ್ತ ಕುದಿಯುತ್ತಿರುತ್ತದೆ. ಹೊರಡುವ ಹೊತ್ತನ್ನು ನಕ್ಷೆ ನೋಡಿ ನಿರ್ಧರಿಸಬೇಡಿ, ಕಳೆದ ವಾರ ನಿಜವಾಗಿ ಎಷ್ಟು ಹಿಡಿಯಿತೋ ಅದನ್ನು ನೋಡಿ ನಿರ್ಧರಿಸಿ. ಸ್ನಾನದ ಮನೆಯಿಂದ ‘ಇಲ್ಲೇ ಇದೀನಿ, ಐದೇ ನಿಮಿಷ’ ಎನ್ನುವ ಚಾಳಿ ಬಿಟ್ಟು ‘ಅರ್ಧ ಗಂಟೆಯಾಗುತ್ತದೆ’ ಎಂದುಬಿಡಿ. ಕಾಯುವವರಿಗೂ ನೆಮ್ಮದಿ, ಹೊರಟವರಿಗೂ ನೆಮ್ಮದಿ.

ಕಚೇರಿಯಲ್ಲಿ ಒಂದು ಸಭೆ ಮುಗಿಯುವ ನಿಮಿಷಕ್ಕೇ ಮತ್ತೊಂದು ಶುರುವಾಗುವುದು ಈಗ ಮಾಮೂಲಾಗಿದೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಇದಕ್ಕೆ ಅವರೇ ಮುಂದೆ ಪರೀಕ್ಷಿಸಿ ನೋಡಿದ ಉಪಾಯವೂ ಸರಳವಾಗಿದೆ. ಎದ್ದು ಹೋಗುವ ಮುನ್ನ ‘ಎಲ್ಲಿ ನಿಲ್ಲಿಸಿದೆ, ವಾಪಸ್ ಬಂದು ಮೊದಲು ಏನು ಮಾಡಬೇಕು’ ಎಂದು ಒಂದೆರಡು ಸಾಲು ಬರೆದಿಟ್ಟು ಏಳುವುದು. ಮನಸ್ಸು ಆ ಕೆಲಸವನ್ನು ಹಿಡಿದುಕೊಂಡಿರಬೇಕಾದ ಅಗತ್ಯ ಆಗ ತಪ್ಪುತ್ತದೆ. ಗೂಗಲ್ ಕ್ಯಾಲೆಂಡರಿನಲ್ಲಿ ಅರ್ಧ ಗಂಟೆಯ ಸಭೆಯನ್ನು 25 ನಿಮಿಷಕ್ಕೆ, ಒಂದು ಗಂಟೆಯದನ್ನು 50 ನಿಮಿಷಕ್ಕೆ ತಾನಾಗಿ ಇಳಿಸುವ ಆಯ್ಕೆ ಇದೆ. ಸಭೆ ಕರೆಯುವ ಸ್ಥಾನದಲ್ಲಿ ಇರುವವರು ಅದನ್ನು ಒಮ್ಮೆ ಒತ್ತಿದರೆ ಹತ್ತು ಜನರ ಬೆನ್ನು ನೇರವಾಗುತ್ತದೆ. ಕಚೇರಿ ವೇಳೆ ಮುಗಿದ ಮೇಲೆ ಬರುವ ಸಂದೇಶಕ್ಕೆ ಉತ್ತರಿಸದಿರುವ ಹಕ್ಕಿಗೆ ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನ ಬೆಂಬಲವಿದೆ. ನಮ್ಮ ಲೋಕಸಭೆಯಲ್ಲಿ 2018ರಲ್ಲಿ ಸುಪ್ರಿಯಾ ಸುಳೆ ಮಂಡಿಸಿದ ಇಂಥದೇ ವಿಧೇಯಕ ಖಾಸಗಿ ಸದಸ್ಯರದಾಗಿತ್ತು, ಕಾನೂನಾಗಲಿಲ್ಲ. ಹಾಗಾಗಿ ಸದ್ಯಕ್ಕೆ ನಮ್ಮ ಗಡಿಯನ್ನು ನಾವೇ ಹಾಕಿಕೊಳ್ಳಬೇಕು.

ಇನ್ನು ಫೋನು. ಇದಕ್ಕೆ ಜಾಸ್ತಿ ಜಾಗ ಕೊಡದೆ ವಿಧಿಯಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಗ್ಲೋರಿಯಾ ಮಾರ್ಕ್ ಎರಡು ದಶಕಗಳಿಂದ ಜನ ಪರದೆಯ ಮುಂದೆ ಹೇಗೆ ಕೆಲಸ ಮಾಡುತ್ತಾರೆ ಎಂದು ಅಳೆಯುತ್ತ ಬಂದವರು. 2004ರ ಸುಮಾರಿಗೆ ಒಂದು ಪರದೆಯ ಮೇಲೆ ಗಮನ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು 47 ಸೆಕೆಂಡಿನ ಆಸುಪಾಸಿಗೆ ಇಳಿದಿದೆ. ಅವರ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸಿತು: ಅಡ್ಡಿಗಳಲ್ಲಿ ಸುಮಾರು ಅರ್ಧ ಹೊರಗಿನಿಂದ ಬರುವಂಥವೇ ಅಲ್ಲ. ಯಾರೂ ಕರೆಯದಿದ್ದರೂ ನಾವೇ ಕೈ ಹಾಕುತ್ತೇವೆ. ಹಾಗಾಗಿ ಫೋನಿನ ಸದ್ದು ಅಡಗಿಸಿದರೆ ಅರ್ಧ ಕೆಲಸವಷ್ಟೇ ಆಯಿತು.

ಆ ಅರ್ಧವನ್ನು ಮೊದಲು ಮುಗಿಸಿಬಿಡಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿ. ಆಮೇಲೆ ಯಾವುದು ಬೇಕೋ ಅದನ್ನು ಒಂದೊಂದಾಗಿ ಒಳಗೆ ಬಿಟ್ಟುಕೊಳ್ಳಿ: ಕರೆ, ಬ್ಯಾಂಕಿನ ಸಂದೇಶ, ಮನೆಯವರ ಸಂದೇಶ, ಮಕ್ಕಳ ಶಾಲೆಯದು. ರಿಯಾಯಿತಿ ಮಾರಾಟದ ಆ್ಯಪ್ಪಿಗೆ ನಮ್ಮನ್ನು ಕೂಗಿ ಕರೆಯುವ ಅಧಿಕಾರ ಕೊಟ್ಟವರು ಯಾರು ಎಂದು ಆಗ ಆಶ್ಚರ್ಯವಾಗುತ್ತದೆ. ವಾಟ್ಸ್ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ತಳ್ಳಿ. ಶುಭೋದಯದ ಗುಲಾಬಿ ಹೂವು ಅಲ್ಲೇ ಇರುತ್ತದೆ, ಸಂಜೆ ನೋಡಿದರೂ ಬಾಡಿರುವುದಿಲ್ಲ. ಐಫೋನಿನಲ್ಲಿ ನೋಟಿಫಿಕೇಶನ್‌ಗಳನ್ನೆಲ್ಲ ಒಟ್ಟು ಮಾಡಿ ದಿನಕ್ಕೆ ಎರಡು ಸಲ ಮಾತ್ರ ತೋರಿಸುವ ಸೌಲಭ್ಯವೂ ಇದೆ.

ಕೈ ತಾನಾಗಿ ಹೋಗುವ ಉಳಿದರ್ಧಕ್ಕೆ ಮದ್ದು ದೂರ. 2006ರಲ್ಲಿ ಏಝಾ ರಾಸ್ಕಿನ್ ಎಂಬ ವಿನ್ಯಾಸಕಾರ, ಪುಟ ಎಂದೂ ಮುಗಿಯದೆ ಬೆರಳು ಸರಿಸಿದಷ್ಟೂ ಬರುತ್ತಲೇ ಇರುವ ವಿಧಾನವನ್ನು ರೂಪಿಸಿದ. ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟ. ಪತ್ರಿಕೆಗೆ ಕೊನೆಯ ಪುಟ ಇರುತ್ತದೆ, ರೀಲ್ಸ್‌ಗೆ ಇಲ್ಲ. ಕೊನೆಯಿಲ್ಲದ ವಸ್ತುವಿನ ಎದುರು ಮನೋಬಲವನ್ನು ಪಣಕ್ಕಿಟ್ಟು ಕೂರುವುದಕ್ಕಿಂತ ವಸ್ತುವನ್ನೇ ಬೇರೆ ಕೋಣೆಯಲ್ಲಿ ಇಡುವುದು ಮೇಲು. ಫೋನು ಮೇಜಿನ ಮೇಲೆ ಕವುಚಿ ಮಲಗಿದ್ದರೂ ಯೋಚನೆಯ ಶಕ್ತಿ ಕೊಂಚ ಸೋರುತ್ತದೆ, ಬೇರೆ ಕೋಣೆಯಲ್ಲಿದ್ದರೆ ಇಲ್ಲ ಎಂದು 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಹೇಳಿದ್ದರು. ನಂತರದ ಅಧ್ಯಯನಗಳಲ್ಲಿ ಈ ಫಲಿತಾಂಶ ಎಲ್ಲ ಕಡೆಯೂ ಸಿಕ್ಕಿಲ್ಲ. ಸಿಗಲಿ ಬಿಡಲಿ, ಎದ್ದು ಹೋಗಿ ತರಬೇಕಾದ ಫೋನನ್ನು ಕಡಿಮೆ ಸಲ ನೋಡುತ್ತೇವೆ ಎನ್ನಲು ಪ್ರಯೋಗಾಲಯ ಬೇಕಿಲ್ಲ.

ಮನೆಯಲ್ಲಿ ಫೋನಿಗೆ ಒಂದು ಗೂಡು ಮಾಡಿ. ಹಳೆಯ ದೂರವಾಣಿ ಒಂದು ಮೂಲೆಯ ಮೇಜಿನ ಮೇಲೆ ಕೂತಿರುತ್ತಿತ್ತಲ್ಲ, ಹಾಗೆ. ಚಾರ್ಜರ್ ಅಲ್ಲಿ ಬಿಟ್ಟು ಮನೆಯ ಬೇರೆ ಎಲ್ಲೂ ಇರಬಾರದು, ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ. ‘ಅಲಾರಂ?’ ಎಂದು ಕೇಳುತ್ತೀರಿ. ಅಂಗಡಿಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಟೈಂಪೀಸು ಸಿಗುತ್ತದೆ. ಕೈಗೊಂದು ಸಾದಾ ಗಡಿಯಾರವೂ ಇರಲಿ. ಗಂಟೆ ನೋಡಲು ಫೋನು ತೆಗೆದು, ಹದಿನೈದು ನಿಮಿಷದ ಮೇಲೆ ಗಂಟೆ ನೋಡದೆಯೇ ಒಳಗಿಟ್ಟ ಅನುಭವ ಯಾರಿಗಿಲ್ಲ? ಪರದೆಯನ್ನು ಕಪ್ಪು ಬಿಳುಪಿಗೆ ತಿರುಗಿಸುವ ಉಪಾಯವನ್ನೂ ಹಲವರು ಹೇಳುತ್ತಾರೆ. ಕೆಲವರಿಗೆ ಒಗ್ಗುತ್ತದೆ, ನನಗೆ ತರಕಾರಿ ಚಿತ್ರ ನೋಡಿ ಆರ್ಡರ್ ಮಾಡುವಾಗ ಕಷ್ಟವಾಯಿತು.

ಇಷ್ಟೆಲ್ಲ ಮಾಡಿಯೂ ಬಿಡಲಾಗುತ್ತಿಲ್ಲ, ನಿದ್ದೆ ಕೆಟ್ಟಿದೆ, ಮಗ ಆಟದಿಂದ ಏಳುವುದೇ ಇಲ್ಲ ಎನ್ನುವ ಸ್ಥಿತಿ ಇದ್ದರೆ ಅದು ಲೇಖನ ಓದಿ ಸರಿಹೋಗುವಂಥದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ 2014ರಲ್ಲಿ ಶುರುವಾಯಿತು. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಊಟದ ವಿಷಯಕ್ಕೆ ಬಂದರೆ, ನಿಧಾನದ ಹೆಸರಿನಲ್ಲಿ ಜಗತ್ತಿನಲ್ಲಿ ನಡೆದ ದೊಡ್ಡ ಚಳವಳಿ ಹುಟ್ಟಿದ್ದೇ ಊಟದಿಂದ. 1986ರಲ್ಲಿ ರೋಮ್‌ನ ಪ್ರಸಿದ್ಧ ಸ್ಪ್ಯಾನಿಷ್ ಮೆಟ್ಟಿಲುಗಳ ಬಳಿ ಮೆಕ್‌ಡೊನಾಲ್ಡ್ಸ್ ಅಂಗಡಿ ಬಂದಾಗ ಕಾರ್ಲೊ ಪೆಟ್ರಿನಿ ಮತ್ತು ಗೆಳೆಯರು ಪಾಸ್ತಾ ಬಟ್ಟಲುಗಳನ್ನು ಹಂಚಿ ಪ್ರತಿಭಟಿಸಿದರು. 1989ರಲ್ಲಿ ಪ್ಯಾರಿಸ್ಸಿನಲ್ಲಿ ‘ಸ್ಲೋ ಫುಡ್’ ಪ್ರಣಾಳಿಕೆಗೆ ಹಲವು ದೇಶದವರು ಸಹಿ ಹಾಕಿದರು. ಬಸವನಹುಳು ಅವರ ಗುರುತು. ಹತ್ತು ವರ್ಷದ ಮೇಲೆ ಇದರಿಂದಲೇ ‘ನಿಧಾನ ನಗರ’ಗಳ ಒಕ್ಕೂಟ ಹುಟ್ಟಿತು. ಐವತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗಷ್ಟೇ ಅದರಲ್ಲಿ ಪೂರ್ಣ ಸದಸ್ಯತ್ವ. ಬೆಂಗಳೂರಿಗೆ ಆ ಬಾಗಿಲಿನಿಂದ ಪ್ರವೇಶವಿಲ್ಲ.

ಹೊಟ್ಟೆ ತುಂಬಿತು ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಐದು ನಿಮಿಷದಲ್ಲಿ ತಟ್ಟೆ ಖಾಲಿ ಮಾಡುವವರು ಸುದ್ದಿ ಬರುವ ಮುಂಚೆಯೇ ಎರಡನೇ ಸಲ ಬಡಿಸಿಕೊಂಡಿರುತ್ತಾರೆ. ಬಾಳೆ ಎಲೆಯ ಊಟದಲ್ಲಿ ಇದಕ್ಕೆ ತಕ್ಕ ಏರ್ಪಾಡು ಮೊದಲೇ ಇತ್ತು. ಕೋಸಂಬರಿ, ಪಲ್ಯ, ತೊವ್ವೆ, ಸಾರು, ಹುಳಿ, ಮಜ್ಜಿಗೆ ಎಂದು ಒಂದಾದ ಮೇಲೊಂದು ಬರುವಾಗ ಕಾಯದೆ ಗತಿಯಿಲ್ಲ. ಈಗಿನ ಮದುವೆ ಮನೆಗಳಲ್ಲಿ ಹಿಂದೆ ಕುರ್ಚಿ ಹಿಡಿದು ನಿಂತವರ ಉಸಿರು ಕಿವಿಗೆ ತಾಗುವುದರಿಂದ ಆ ನಿಧಾನವೂ ಹೋಯಿತು.

‘ಒಂದೊಂದು ತುತ್ತನ್ನೂ 32 ಸಲ ಅಗಿಯಿರಿ’ ಎನ್ನುವ ಸಲಹೆ ಎಲ್ಲ ಆರೋಗ್ಯ ಅಂಕಣಗಳಲ್ಲೂ ಬರುತ್ತದೆ. ಬರೆದವರು ರಾಗಿ ಮುದ್ದೆ ಉಂಡವರಲ್ಲ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಆದರೂ ಮುದ್ದೆಯನ್ನು ಮೈಮರೆತು ಉಣ್ಣಲಾಗದು. ಬಿಸಿ ನೋಡಿ ಮುರಿಯಬೇಕು, ಬೆರಳಲ್ಲಿ ಉಂಡೆ ಮಾಡಬೇಕು, ಗಂಟಲಿಗೆ ತಕ್ಕ ಗಾತ್ರ ಇರಬೇಕು. ಅಗಿತದ ಲೆಕ್ಕ ಬಿಟ್ಟುಬಿಡಿ. ಊಟದ ಮೊದಲ ಐದು ತುತ್ತು ಟಿವಿ, ಫೋನು, ಮಾತು ಯಾವುದೂ ಇಲ್ಲದೆ ಉಂಡು ನೋಡಿ, ಆಮೇಲೆ ಬೇಕಾದ್ದು ಮಾಡಿ. ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಮೊದಲ ಬಾರಿಗೆ ನಿಮಗೇ ಗೊತ್ತಾಗುತ್ತದೆ.

ಈ ಅಭ್ಯಾಸದ ವ್ಯವಸ್ಥಿತ ರೂಪವನ್ನು ಅಮೆರಿಕದ ಜಾನ್ ಕಬಾಟ್-ಝಿನ್ 1979ರಲ್ಲಿ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಆರಂಭಿಸಿದರು. ತೀರದ ನೋವಿನಿಂದ ಬಳಲುವ, ಔಷಧದಿಂದ ಪೂರ್ತಿ ಗುಣ ಕಾಣದ ರೋಗಿಗಳಿಗೆ ಎಂಟು ವಾರಗಳ ಕಾರ್ಯಕ್ರಮ ಅದು. ಮೊದಲ ತರಗತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ಆಮೇಲೆ ಬಾಯಿಗಿಡುವ ಪಾಠ ಇರುತ್ತದೆ. ಬೌದ್ಧ ಧ್ಯಾನದ ಬೇರು ಅದಕ್ಕಿದ್ದರೂ ಧರ್ಮದ ಮಾತು ತೆಗೆದು ಆಸ್ಪತ್ರೆಯ ಭಾಷೆಯಲ್ಲಿ ಹೇಳಿದ್ದರಿಂದ ಜಗತ್ತಿನಾದ್ಯಂತ ಹಬ್ಬಿತು. ಅದೇ ಬೇರಿನ ಇನ್ನೊಂದು ಕವಲು ವಿಪಶ್ಯನ. ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಎಸ್. ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಅದನ್ನು ಕಲಿಸತೊಡಗಿದರು, ಇಗತ್‌ಪುರಿಯಲ್ಲಿ ಮುಖ್ಯ ಕೇಂದ್ರ ಕಟ್ಟಿದರು. ಬೆಂಗಳೂರಿನ ಹತ್ತಿರವೂ ಕೇಂದ್ರವಿದೆ. ಹತ್ತು ದಿನದ ಶಿಬಿರಕ್ಕೆ ಶುಲ್ಕವಿಲ್ಲ. ಫೋನು ಕೊಟ್ಟು ಒಳಗೆ ಹೋಗಬೇಕು, ಬೆಳಗ್ಗೆ ನಾಲ್ಕಕ್ಕೆ ಎದ್ದು ಮೌನದಲ್ಲಿರಬೇಕು. ಮೊದಲ ಮೂರು ದಿನ ಮೂಗಿನ ಬಳಿಯ ಉಸಿರನ್ನು ಗಮನಿಸುವುದೇ ಕೆಲಸ.

ನನ್ನ ಅಭಿಪ್ರಾಯ ಕೇಳಿದರೆ, ಅದು ಮೊದಲ ಮೆಟ್ಟಿಲಲ್ಲ. ದಿನಕ್ಕೆ ಐದು ನಿಮಿಷ ಸುಮ್ಮನೆ ಕೂರಲು ಆಗದವರು ನೇರವಾಗಿ ಹತ್ತು ದಿನಕ್ಕೆ ಹೋಗುವುದೂ ಒಂದು ಬಗೆಯ ಅವಸರವೇ. ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಕಳವಳ ಹೆಚ್ಚಾಗುವುದುಂಟು. ಅಂಥವರು ಕಣ್ಣು ತೆರೆದೇ ಇರಲಿ, ಅಥವಾ ಕಿವಿಗೆ ಇಯರ್‌ಫೋನ್ ಇಲ್ಲದೆ ನಡೆಯಲಿ. ನೆಲದ ಮೇಲೆ ಕಣ್ಣಿಡದೆ ನಡೆಯುವಂಥ ಫುಟ್‌ಪಾತ್ ನಮ್ಮ ನಗರಗಳಲ್ಲಿ ಇಲ್ಲದ್ದರಿಂದ ಎಚ್ಚರ ತಾನಾಗಿಯೇ ಬರುತ್ತದೆ.

ಉಸಿರಿನ ಮಟ್ಟಿಗೆ ತಿಳಿಯಬೇಕಾದ್ದು ಇಷ್ಟೇ. ಸುಮ್ಮನಿರುವಾಗ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು ಆರರ ಹತ್ತಿರ ಇಳಿಸಿ, ಬಿಡುವ ಉಸಿರನ್ನು ತೆಗೆದುಕೊಳ್ಳುವುದಕ್ಕಿಂತ ಉದ್ದ ಮಾಡಿದರೆ ಸಾಕು. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಕೊಂಚ ಇಳಿಯುತ್ತದೆ. ಮನಸ್ಸಿಗೆ ಹೇಳಿದರೆ ಕೇಳದ್ದನ್ನು ದೇಹದ ಕಡೆಯಿಂದ ಹೇಳುವ ದಾರಿ ಇದು. ಯಾವಾಗ ಮಾಡುವುದು ಎಂಬುದಕ್ಕೆ ಬೇರೆ ಹೊತ್ತು ಹುಡುಕಬೇಡಿ. ಮೊದಲೇ ದಿನವೂ ನಡೆಯುವ ಒಂದು ಕೆಲಸಕ್ಕೆ ಗಂಟು ಹಾಕಿ. ನನ್ನ ಶಿಫಾರಸು ಹಾಲು ಕಾಯಿಸುವುದು. ಪಾತ್ರೆ ಒಲೆಯ ಮೇಲಿಟ್ಟು ಅಲ್ಲೇ ನಿಲ್ಲಿ. ಕೆನೆ ಕಟ್ಟುವುದು, ಅಂಚಿನಲ್ಲಿ ಗುಳ್ಳೆ ಏಳುವುದು, ನಡುವೆ ಉಬ್ಬುವುದು, ಇವನ್ನು ನೋಡುತ್ತ ಉಸಿರಾಡಿ. ಗಮನ ಎತ್ತಲೋ ಹೋದರೆ ಅದನ್ನು ತಿಳಿಸಲು ಆ್ಯಪ್ ಬೇಕಾಗಿಲ್ಲ, ಉಕ್ಕಿದ ಹಾಲೇ ತಿಳಿಸುತ್ತದೆ. ಅಂದಹಾಗೆ ಧ್ಯಾನದ ಆ್ಯಪ್‌ಗಳ ಬಗ್ಗೆ ನನಗೆ ಅನುಮಾನವಿದೆ. ‘ಸತತ ಹನ್ನೆರಡು ದಿನ!’ ಎಂದು ಬೆನ್ನು ತಟ್ಟಿ, ಹದಿಮೂರನೇ ದಿನ ತಪ್ಪಿದರೆ ನೆನಪಿಸುವ ವಸ್ತು, ಬಿಡಿಸಬೇಕಾದ ಗಂಟನ್ನೇ ಇನ್ನಷ್ಟು ಬಿಗಿಯುತ್ತದೆ.

ನಿಧಾನವನ್ನು ಕಲಿಸುವ ನಮ್ಮದೇ ಪಾಠಶಾಲೆಯೊಂದು ಧಾರವಾಡ, ಹುಬ್ಬಳ್ಳಿ, ಗದಗದ ಕಡೆ ಇದೆ. ಧ್ಯಾನದ ಪುಸ್ತಕಗಳಲ್ಲಿ ಅದರ ಹೆಸರು ಬರುವುದಿಲ್ಲ. ಹಿಂದೂಸ್ತಾನಿಯ ವಿಲಂಬಿತ ಖಯಾಲ್ ನನ್ನ ಮನಸ್ಸಿನಲ್ಲಿರುವುದು. ಕುಂದಗೋಳದ ಸವಾಯಿ ಗಂಧರ್ವರು, ಅವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದ ಗಂಗೂಬಾಯಿ ಹಾನಗಲ್, ಗದಗಿನಿಂದ ಬಂದ ಭೀಮಸೇನ ಜೋಶಿ, ಇವರದು ಕಿರಾನಾ ಘರಾಣೆ. ಅಲ್ಲಿ ರಾಗವನ್ನು ಒಂದೊಂದೇ ಸ್ವರವಾಗಿ ಬೆಳೆಸುತ್ತಾರೆ. ವಿಲಂಬಿತ ಏಕತಾಳದಲ್ಲಿ ಹನ್ನೆರಡು ಮಾತ್ರೆ. ಒಂದೊಂದು ಮಾತ್ರೆಯೂ ನಾಲ್ಕೈದು ಸೆಕೆಂಡು ಹಿಗ್ಗುವುದರಿಂದ ಒಂದು ಆವರ್ತನ ಮುಗಿಯಲು ಒಂದು ನಿಮಿಷದ ಹತ್ತಿರ ಬೇಕಾಗುತ್ತದೆ. ಗ್ಲೋರಿಯಾ ಮಾರ್ಕ್ ಅವರ 47 ಸೆಕೆಂಡನ್ನು ನೆನಪಿಸಿಕೊಳ್ಳಿ. ನಮ್ಮ ಗಮನ ಪರದೆ ಬದಲಾಯಿಸುವ ಹೊತ್ತಿಗೆ ತಬಲಾ ಇನ್ನೂ ಸಮ್‌ಗೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಮರಳಿ ಬಂದಿರುವುದಿಲ್ಲ.

ಕೇಳುವ ಕ್ರಮ ಹೀಗೆ. ಇಪ್ಪತ್ತು ಮೂವತ್ತು ನಿಮಿಷದ ಒಂದು ಬಡಾ ಖಯಾಲ್ ಆರಿಸಿ, ಸಂಜೆಯಾದರೆ ಯಮನ್ ಅಥವಾ ಪೂರಿಯಾ ಧನಾಶ್ರೀ. ಪಾತ್ರೆ ತೊಳೆಯುತ್ತ, ಕಾರು ಓಡಿಸುತ್ತ ಬೇಡ. ಕೂತು ಕೇಳಿ. ರಾಗ ಗುರುತಿಸಬೇಕು, ಸಾಹಿತ್ಯ ತಿಳಿಯಬೇಕು ಎಂಬ ಹಟವೂ ಬೇಡ. ಗಾಯಕರು ಬಂದಿಶಿನ, ಅಂದರೆ ಹಾಡುತ್ತಿರುವ ರಚನೆಯ, ಮೊದಲ ತುಂಡನ್ನು ಮತ್ತೆ ಹಿಡಿದು ತಬಲಾದ ಜೊತೆ ಸೇರಿಕೊಳ್ಳುವ ಜಾಗ ಸಮ್. ಅದೊಂದನ್ನು ಕಾಯಿರಿ. ಮೊದಲ ಕೆಲವು ನಿಮಿಷ ಕಾಲು ಅಲುಗಾಡುತ್ತದೆ, ‘ಯಾವಾಗ ವೇಗದ ದ್ರುತ್ ಬರುತ್ತದೆ’ ಅನ್ನಿಸುತ್ತದೆ. ಆ ಚಡಪಡಿಕೆ ಸಂಗೀತದ್ದಲ್ಲ, ದಿನವಿಡೀ ನಾವು ಹೊತ್ತು ತಿರುಗಿದ್ದು. ಅದು ಅಲ್ಲಿ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಸ್ವಲ್ಪ ತಡೆದರೆ ಮುಂದಿನ ಸಮ್ ಎಲ್ಲಿ ಬರುತ್ತದೆಂದು ಮೈಗೇ ಗೊತ್ತಾಗತೊಡಗುತ್ತದೆ. ಸಂಗೀತ ಒಗ್ಗದವರು ಕರಾವಳಿಯ ತಾಳಮದ್ದಳೆಗೆ ಹೋಗಿ ಕೂರಬಹುದು. ವೇಷವಿಲ್ಲ, ಕುಣಿತವಿಲ್ಲ, ಮಾತೇ ಮುಖ್ಯ. ಒಬ್ಬ ಅರ್ಥಧಾರಿ ಒಂದು ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಕೊಟ್ಟರೂ ಜನ ಏಳುವುದಿಲ್ಲ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಮನೆಯ ಯಜಮಾನರು ಭಾನುವಾರ ನಿಧಾನವಾಗಿ ಎದ್ದು, ನಿಧಾನವಾಗಿ ಪೇಪರ್ ಓದಿ, ನಿಧಾನವಾಗಿ ದೋಸೆ ತಿನ್ನುವುದು ಸಾಧ್ಯವಾಗುವುದು ಅಡುಗೆಮನೆಯಲ್ಲಿ ಇನ್ನೊಬ್ಬರು ಕಾವಲಿಯ ಮುಂದೆ ಬೆವರುತ್ತ ಓಡಾಡುವುದರಿಂದ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತರಿಸಿಕೊಂಡು ಧ್ಯಾನಕ್ಕೆ ಕೂತರೆ ಆ ಹತ್ತು ನಿಮಿಷ ಸ್ಕೂಟರಿನ ಮೇಲಿರುವ ಹುಡುಗನ ಬೆನ್ನಿಗೆ ಬೀಳುತ್ತದೆ. ನಮ್ಮ ಅವಸರ ಇಳಿದಿದೆಯೋ, ಬೇರೆಯವರ ತಲೆಗೆ ದಾಟಿದೆಯೋ ಎಂದು ಆಗಾಗ ನೋಡಿಕೊಳ್ಳುವುದು ಒಳ್ಳೆಯದು. ತಕ್ಷಣ ಬೇಕಿಲ್ಲದ ಸಾಮಾನಿಗೆ ನಾಳೆ ತಲುಪಿಸುವ ಆಯ್ಕೆ ಒತ್ತುವುದು, ವಾರಕ್ಕೊಂದು ಹೊತ್ತು ಒಲೆಯ ಮುಂದಿನ ಜಾಗ ಬದಲಾಯಿಸುವುದು, ಇವನ್ನೂ ನಿಧಾನದ ಅಭ್ಯಾಸದಲ್ಲಿ ಸೇರಿಸಬೇಕು.

ಹಾಗಾಗಿಯೇ ಒಬ್ಬೊಬ್ಬರೇ ಮಾಡುವುದಕ್ಕಿಂತ ನಾಲ್ಕು ಜನ ಸೇರಿ ಮಾಡುವುದು ಸುಲಭ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ, ನಮ್ಮ ಗಡಿಯಿಂದ ಅಷ್ಟೇನೂ ದೂರವಲ್ಲದ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿನವರು 2022ರ ಆಗಸ್ಟ್‌ನಲ್ಲಿ ಒಂದು ನಿಯಮ ಮಾಡಿಕೊಂಡರು. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಎಂಟೂವರೆಯವರೆಗೆ ಎಲ್ಲ ಮನೆಗಳಲ್ಲಿ ಟಿವಿ, ಫೋನು ಬಂದ್. ಕೋವಿಡ್ ಕಾಲದಲ್ಲಿ ಫೋನಿನಲ್ಲೇ ಪಾಠ ಕೇಳಿದ ಮಕ್ಕಳು ಶಾಲೆ ತೆರೆದ ಮೇಲೂ ಅದನ್ನು ಬಿಡಲೊಲ್ಲದೆ ಹೋದದ್ದು ಇದಕ್ಕೆ ಕಾರಣ. ಊರೇ ಬಂದ್ ಮಾಡಿದಾಗ ‘ಎಲ್ಲರೂ ನೋಡುತ್ತಿದ್ದಾರೆ, ನಾನೊಬ್ಬನೇ ಯಾಕೆ ಬಿಡಲಿ’ ಎಂಬ ವಾದಕ್ಕೆ ಜಾಗ ಉಳಿಯುವುದಿಲ್ಲ.

ಸೈರನ್ ಇಲ್ಲದ ಮನೆಗೆ ಕುಕ್ಕರಿನ ಸೀಟಿಯೂ ಆಗುತ್ತದೆ. ಒಂದು ಗಂಟೆ ಸಾಕು, ಅರ್ಧ ಗಂಟೆಯಾದರೂ ಆದೀತು. ಎಲ್ಲರ ಫೋನು ಗೂಡಿಗೆ ಹೋಗಬೇಕು, ‘ಆಫೀಸಿನ ಕಾಲ್ ಬರಬಹುದು’ ಎನ್ನುವ ಅಪ್ಪನದೂ ಸೇರಿ. ಆ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಪಟ್ಟಿ ಮಾಡಬೇಡಿ. ಚೌಕಾಬಾರ ಆಡಲಿ, ಜಗಳ ಆಡಲಿ, ಬೇಸರ ಪಡಲಿ. ಮೊದಲ ವಾರ ಗೊಣಗಾಟ ಇದ್ದೇ ಇರುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಹೊತ್ತು ಗೊತ್ತುಮಾಡುವ ಮುನ್ನ ಮಾತ್ರ ಅಜ್ಜಿಯ ಧಾರಾವಾಹಿ ಎಷ್ಟು ಗಂಟೆಗೆ ಎಂದು ಕೇಳಿಕೊಳ್ಳಿ. ಅದನ್ನು ತಪ್ಪಿಸುವ ಯಾವ ಯೋಜನೆಯೂ ಎರಡನೇ ದಿನ ದಾಟುವುದಿಲ್ಲ.